ಮುತ್ಯಾನ ಗಾಳಿ

“ಏ ಸಮ್ಯಕ್, ಕೈ ತಗಿ! ಮುಟ್ಟಬ್ಯಾಡ ಅಂತ ಹೇಳಿಲ್ಲ ನಿನಗ?”

ಮೇಘಾ ಅಂಗಳಕ್ಕೆ ಹಾರಿಬಂದಳು. ಏಳು ವರ್ಷದ ತಮ್ಮ ಮುತ್ಯಾನ ಸೈಕಲ್ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಗಾಲಿಯ ವಾಲ್ ಕ್ಯಾಪ್ ತಿರುಗಿಸುತ್ತಿದ್ದ.

“ಬರೇ ನೋಡಾಕತ್ತಿದ್ದೆ.”

“ಗಾಳಿ ಹೋದ್ರ ನೀ ತಂದು ಕೊಡ್ತೀಯೇನು?”

“ಅದಕ್ಕೇನಾತು? ಪಂಪ್ ಹೊಡದ್ರ ಮುಗೀತು.”

ಮುಗಿಯುವುದಿಲ್ಲ. ಅದು ಮೇಘಾಳಿಗೆ ಮಾತ್ರ ಗೊತ್ತಿತ್ತು. ಟೈರಿನೊಳಗೆ ಇದ್ದದ್ದು ಬೇರೆ ಯಾರ ಗಾಳಿಯೂ ಅಲ್ಲ, ಮುತ್ಯಾ ತನ್ನ ಕೈಯಾರೆ ಹೊಡೆದ ಗಾಳಿ.

ಅವಳ ಮುತ್ಯಾ ಬಾಬು ಮೂವತ್ತು ವರ್ಷ ಬಿಜ್ಜರಗಿಯ ಹೊಲ, ತೋಟಗಳಿಗೆ ಟಪಾಲು ಹಂಚಿದವನು. ನಿವೃತ್ತಿಯಾದ ಮೇಲೂ ದಿನಕ್ಕೊಮ್ಮೆ ಸೈಕಲ್ ಹತ್ತದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂದು ಮುಂಜಾನೆ ಪಕ್ಕದ ಮನೆಯ ಪಂಪ್ ತಂದು ಎರಡೂ ಗಾಲಿಗೆ ಗಾಳಿ ಹೊಡೆದ. ಆಮೇಲೆ “ಎದಿ ಹಿಡದಂಗ ಆಗಾಕತ್ತೈತಿ” ಎಂದು ಕಟ್ಟೆಯ ಮೇಲೆ ಕೂತ. ವಿಜಯಪುರದ ಆಸ್ಪತ್ರೆಗೆ ಹೋದವನು ಜೀವಂತ ತಿರುಗಿ ಬರಲಿಲ್ಲ.

ಅದಾಗಿ ಒಂದು ತಿಂಗಳಾಗಿತ್ತು. ಮನೆಗೆ ಬಂದ ನೆಂಟರೆಲ್ಲ ಅತ್ತು, ಉಂಡು, ಊರಿಗೆ ಹೋದರು. ಮೇಘಾ ಮಾತ್ರ ದಿನಾ ಶಾಲೆಯಿಂದ ಬಂದು ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡುತ್ತಿದ್ದಳು. ಅದು ದಿನದಿಂದ ದಿನಕ್ಕೆ ಮೆತ್ತಗಾಗುತ್ತಿತ್ತು. 

“ಮೇಘಾ, ಇಲ್ಲಿ ಬಾ ಬೇ!” ಒಳಗಿನಿಂದ ಆಯಿ, ಮುತ್ಯಾನ ಹೆಂಡತಿ ಸೋನಾಬಾಯಿ, ಕೂಗಿದಳು. ಅವಳ ಕೈಯಲ್ಲಿ ಅವ್ವನ ಬುತ್ತಿ ಇತ್ತು. “ನಿಮ್ಮವ್ವ ಗಡಿಬಿಡಿಯೊಳಗ ಬುತ್ತಿ ಇಲ್ಲೇ ಬಿಟ್ಟು ಹೋಗ್ಯಾಳ. ದ್ರಾಕ್ಷಿ ತ್ವಾಟಕ್ಕ ಹೋಗಿ ಕೊಟ್ಟು ಬಾ.”

ಅಪ್ಪ ಬಬಲೇಶ್ವರಕ್ಕೆ ಡ್ಯೂಟಿಗೆ ಹೋಗಿದ್ದ. ಬುತ್ತಿ ಒಯ್ಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ನಡಕೋತ ಹೊಕ್ಕೇನಿ, ಆಯಿ.”

“ನಡಕೋತ ಹೋದ್ರ ಎರಡು ತಾಸು. ಅಲ್ಲೀತನಕ ಆಕಿ ಉಪಾಸ ಇರಬೇಕೇನು? ಸೈಕಲ್ ತಗೊಂಡು ಹೋಗು. ಅದೇನು ಉಪ್ಪಿನಕಾಯಿಯೇನ, ಭರಣ್ಯಾಗ ಇಟ್ಟು ಕಾಯಾಕ?”

ಅವ್ವನ ಹಸಿವು ಒಂದು ಕಡೆ, ಮುತ್ಯಾನ ಗಾಳಿ ಒಂದು ಕಡೆ. ಮೇಘಾ ತುಟಿ ಕಚ್ಚಿ ಬುತ್ತಿಯನ್ನು ಹ್ಯಾಂಡಲಿಗೆ ಕಟ್ಟಿದಳು.

ಸೀಗೆ ಹುಣ್ಣಿಮೆ ಹತ್ತಿರ ಬಂದಿತ್ತು, ಶಾಲೆಗೆ ದಸರೆ ರಜೆ. ಮಳೆ ಹಿಂದೆ ಸರಿದು, ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಸೀಟಿನ ಮೇಲೆ ಕೂತರೆ ಪೆಡಲು ಕಾಲಿಗೆ ಅರ್ಧಂಬರ್ಧ ಸಿಗುತ್ತಿತ್ತು. ಆದರೂ ಹುಡುಗಿ ನಿಲ್ಲಲಿಲ್ಲ.

ಮುರ್ತುಜಾಸಾಬನ ಮನೆಯ ಬೇವಿನ ಗಿಡದ ಹತ್ತಿರ ಡಾಂಬರು ಮುಗಿದು ಗರಸಿನ ಹಾದಿ ಶುರುವಾಯಿತು. ಸಣ್ಣ ಕೆಂಪು ಕಲ್ಲುಗಳ ಮೇಲೆ ಗಾಲಿ ಅತ್ತಿತ್ತ ಜಾರಿತು. ಮೇಘಾ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. ಸೈಕಲ್ ಇನ್ನೂ ಜೋರಾಗಿ ನಡುಗಿತು.

ಶಾಲೆಯ ಹಿಂದಿನ ಗರಸಿನಲ್ಲಿ ಸೈಕಲ್ ಕಲಿಸುವಾಗ ಮುತ್ಯಾ ಹೇಳುತ್ತಿದ್ದ ಮಾತು ನೆನಪಾಯಿತು. “ಸಡ್ಲ ಹಿಡಿ, ಮೇಘಿ. ಗರಸಿನ್ಯಾಗ ಬಿಗಿ ಹಿಡದಾಂವ ಬೀಳ್ತಾನ.”

ಕೈ ಸಡಿಲ ಬಿಟ್ಟಳು. ಗಾಲಿ ತನ್ನ ದಾರಿ ತಾನೇ ಹುಡುಕಿಕೊಂಡಿತು. ಕರಕರ ಸದ್ದು. ಎದುರು ಗಾಳಿ. ತಿಂಗಳ ನಂತರ ಮೊದಲ ಸಲ ಮೇಘಾಳಿಗೆ ಖುಷಿಯಾಯಿತು.

ಅಷ್ಟರಲ್ಲಿ “ಸ್ಸ್ಸ್” ಎಂದಿತು.

ಇಳಿದು ನೋಡಿದರೆ ಹಿಂದಿನ ಟೈರಿನಲ್ಲಿ ಉದ್ದನೆಯ ಜಾಲಿಮುಳ್ಳು. ಬೆರಳಿಟ್ಟು ಒತ್ತಿ ಹಿಡಿದಳು. ಗಾಳಿ ಕೇಳಲಿಲ್ಲ. ಟೈರ್ ಚಪ್ಪಟೆಯಾಯಿತು. ಮೇಘಾ ಹಾದಿಯ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸೈಕಲ್ ತಳ್ಳಿಕೊಂಡು ಬೇವಿನ ಗಿಡಕ್ಕೆ ಮರಳಿದಾಗ ಮುರ್ತುಜಾಸಾಬ ಹೊರಸಿನಿಂದ ಎದ್ದು ಬಂದ. ಅವನ ಗಡ್ಡವೆಲ್ಲ ಬೆಳ್ಳಗಾಗಿತ್ತು.

“ಇದು ಬಾಬಣ್ಣನ ಸೈಕಲ್ ಅಲ್ಲೇನು? ಅಳ್ತೀಯಾಕ ಯವ್ವಾ, ಬಿದ್ದಿಯೇನು?”

“ಇಲ್ರಿ ಕಾಕಾ. ಮುತ್ಯಾನ ಗಾಳಿ ಹೋತ್ರಿ.”

ಅವನಿಗೆ ತಿಳಿಯಲಿಲ್ಲ. ಮೇಘಾ ಎಲ್ಲ ಹೇಳಿದಳು. ಮುದುಕ ಬಗ್ಗಿ ಟೈರ್ ಮುಟ್ಟಿ ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ನಿಮ್ಮ ಮುತ್ಯಾ ಗಾಳಿ ಕಾಯೋ ಮನಷ್ಯಾ ಅಲ್ಲವಾ! ದಿನಾ ಮುಂಜಾನೆ ಇದಾ ಗಿಡದ ಬುಡಕ್ಕ ನಿಂತು ಅರ್ಧ ಗಾಳಿ ಬಿಟ್ಟು ಹೊಕ್ಕಿದ್ದ. ಶ್ಶ್ ಅಂತ!”

“ಯಾಕ್ರಿ?”

“ಗರಸಿಗೆ ಟೈರ್ ಮೆತ್ತಗಿರಬೇಕು. ಬಿರುಸಿದ್ರ ಪುಟಿದು ಒಗೀತೈತಿ. ಬರೋ ಮುಂದ ಡಾಂಬರಿಗೆ ಮತ್ತ ಗಾಳಿ ಬೇಕಲಾ? ನನ್ನ ಪಂಪ್ ತಗೊಂಡು ಹೊಡ್ಕೊಂಡು ಹೊಕ್ಕಿದ್ದ. ಮೂವತ್ತು ವರ್ಷ! ನಾಕು ಸಲ ವಾಶರ್ ಬದಲಿ ಮಾಡೀನಿ.”

ಮೇಘಾ ಬೇವಿನ ಗಿಡದ ಸುತ್ತ ನೋಡಿದಳು. ಮೂವತ್ತು ವರ್ಷದ ಗಾಳಿ! ಅದೆಲ್ಲ ಎಲ್ಲಿ ಹೋಯಿತು ಎಂದು ಮುತ್ಯಾ ಒಂದು ದಿನವೂ ಚಿಂತೆ ಮಾಡಿರಲಿಲ್ಲ.

“ತಡಿ, ನಾ ಪಂಚರ್ ತಗೀತೇನಿ,” ಎಂದ ಮುರ್ತುಜಾಸಾಬ.

“ಬ್ಯಾಡ್ರಿ ಕಾಕಾ. ನನಗ ಬರ್ತೈತ್ರಿ.”

ಸೀಟಿನ ಕೆಳಗಿನ ಚೀಲದಲ್ಲಿ ಮುತ್ಯಾನ ಸಾಮಾನು ಹಾಗೇ ಇತ್ತು. ಮೇಘಾ ಟ್ಯೂಬ್ ಹೊರಗೆಳೆದು, ನೀರಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕಿದಳು. ತಿಕ್ಕಿ, ಸಲ್ಯೂಷನ್ ಹಚ್ಚಿ, ರಬ್ಬರ್ ಒತ್ತಿದಳು. ಆಮೇಲೆ ಮುರ್ತುಜಾಸಾಬನ ಪಂಪಿನಿಂದ ಗಾಳಿ ಹೊಡೆದಳು. ಹೆಬ್ಬೆರಳಿನಿಂದ ಒತ್ತಿ ನೋಡಿ, ಗರಸಿಗೆ ಬೇಕಾದಷ್ಟು ಮೆತ್ತಗೆ ಬಿಟ್ಟಳು.

ಮುದುಕ ತಲೆದೂಗಿದ. “ಕಲಿಸಿದಾಂವ ಛಲೋ ಕಲಿಸ್ಯಾನ.”

ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ನಡೆದಿತ್ತು. ಮೇಘಾ ಬಂದಾಗ ಹೆಂಗಸರೆಲ್ಲ ನೆರಳಿಗೆ ಕೂತಿದ್ದರು.

“ಇಷ್ಟ್ಯಾಕ ತಡಾ?” ಎಂದಳು ಅವ್ವ.

“ಪಂಚರ್ ಆಗಿತ್ತು ಬೇ. ನಾನಾ ತಗದೆ.”

“ಅಲಲಾ! ಇಂಥಾ ಗರಸಿನ್ಯಾಗ ಇಷ್ಟ ದೊಡ್ಡ ಸೈಕಲ್ ಹೊಡಕೊಂಡು ಬಂದಾಳ!” ಎಂದಳು ಲಕ್ಕವ್ವ. ಅವಳು ಕೆಲಸಕ್ಕೆ ಹೊಸಬಳು. “ಯಾರ ಹುಡುಗಿ ಇಕಿ?”

ಅವ್ವ ಮಗಳ ಕರಿ ಹತ್ತಿದ ಕೈ ನೋಡಿದಳು. ಸೈಕಲ್ ನೋಡಿದಳು. ‘ನನ್ನ ಮಗಳು’ ಎನ್ನಲಿಲ್ಲ. ಸೊಸೆ ಮಾವನ ಹೆಸರು ಹೇಳಬಾರದು, ಹೆಸರನ್ನೂ ಹೇಳಲಿಲ್ಲ.

“ನಮ್ಮ ಮಾವಾರ ಮೊಮ್ಮಗಳು,” ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಮೇಘಾಳ ಎದೆ ಉಬ್ಬಿತು.

ಸಂಜೆ ಮರಳುವಾಗ ಬೇವಿನ ಗಿಡದ ಕೆಳಗೆ ಇಳಿದಳು. ಹಿಂದಿನ ಗಾಲಿಯಲ್ಲಿದ್ದದ್ದು ಈಗ ಅವಳ ಗಾಳಿ. ಮುಂದಿನ ಗಾಲಿಯಲ್ಲಿ ಇನ್ನೂ ಮುತ್ಯಾನದು. ಒತ್ತಿ ನೋಡಿದಳು. ಡಾಂಬರಿಗೆ ಸಾಲದು.

ಇದೇ ಗಿಡದ ಬುಡಕ್ಕೆ ಮುತ್ಯಾ ದಿನಾ ಗಾಳಿ ಬಿಡುತ್ತಿದ್ದದ್ದು ನೆನಪಾಯಿತು. ಆಮೇಲೆ ಮೊಣಕಾಲೂರಿ ಕೂತು, ಕ್ಯಾಪ್ ತೆಗೆದು, ವಾಲ್ ಬಿಚ್ಚಿದಳು.

ಶ್ಶ್ಶ್...

ಅಳು ಬಂತು. ತಡೆಯಲಿಲ್ಲ.

“ಬಾಬಣ್ಣಾ, ಪಂಪ್ ಬಾಗಲ ಹಿಂದ ಐತಿ ನೋಡಪಾ!” ಒಳಗೆ ಮಲಗಿದ್ದ ಮುರ್ತುಜಾಸಾಬ ನಿದ್ದೆಗಣ್ಣಿನಲ್ಲೇ ಕೂಗಿದ. ಕೂಗಿ ಎದ್ದು ಕೂತ. ಆಮೇಲೆ ಸಣ್ಣ ದನಿಯಲ್ಲಿ, “ಯವ್ವಾ... ನೀ ಏನು?” ಎಂದ.

“ಹೂಂನ್ರಿ ಕಾಕಾ, ನಾನಾ. ಪಂಪ್ ತಗೊಳ್ತೇನ್ರಿ.”

ಬಾಗಿಲ ಹಿಂದಿನ ಪಂಪ್ ತಂದು, ಎರಡೂ ಕಾಲಿನಿಂದ ಒತ್ತಿ ಹಿಡಿದು, ಮೇಘಾ ಡಾಂಬರಿಗೆ ಬೇಕಾದಷ್ಟು ಗಾಳಿ ಹೊಡೆಯತೊಡಗಿದಳು.