ಹಳದಿ ಬಾರದ ಪ್ರಿಂಟರ್

“ಅಮ್ಮ, ಗಿಳಿ ನೀಲಿ ಆಗೋಯ್ತು.”

ಗಡಿಬಿಡಿ ಎಂಬ ಹುಡುಗಿ ಪ್ರಿಂಟರಿನಿಂದ ಹಾಳೆಯನ್ನು ಎಳೆದು ಬೆಳಕಿಗೆ ಹಿಡಿದಳು. ಗಿಳಿ ಮಾತ್ರವಲ್ಲ, ಹುಲ್ಲೂ ನೀಲಿ. ಕೆಂಪು ಬಸ್ಸು ಗುಲಾಬಿ. ಮೂಲೆಯಲ್ಲಿ ಇರಬೇಕಾದ ಸೂರ್ಯನ ಪತ್ತೆಯೇ ಇಲ್ಲ.

ಅವಳಿಗೆ ಬೇರೆ ಹೆಸರು ಇಲ್ಲವೆಂದಲ್ಲ. ಆದರೆ ಒಂದು ಕಾಲಿಗೆ ಸಾಕ್ಸ್ ಹಾಕುವಾಗಲೇ ಇನ್ನೊಂದು ಕಾಲನ್ನು ಹೊಸಿಲಾಚೆ ಇಟ್ಟಿರುವ ಹುಡುಗಿಯನ್ನು ಗಡಿಬಿಡಿ ಎನ್ನದೆ ಇನ್ನೇನೆಂದು ಕರೆಯಬೇಕು?

ಈ ಸಲದ ತೊಂದರೆಯೂ ಆ ಗಡಿಬಿಡಿಯಿಂದಲೇ ಶುರುವಾದದ್ದು. ಅವಳ ಕ್ಲಾಸಿನ ಕಪ್ಪೆಮರಿ, ಅಂದರೆ ಸದಾ ಎಲ್ಲಿಂದಾದರೂ ಹಾರುತ್ತಲೇ ಇರುವ ಹುಡುಗ, ಕಾಂಪೌಂಡಿನಿಂದ ಹಾರಿ ಕಾಲು ಮುರಿದುಕೊಂಡಿದ್ದ. ಆಸ್ಪತ್ರೆಯಲ್ಲಿ ಮಲಗಿ ಮಲಗಿ ಯಾರೊಂದಿಗೂ ಮಾತೇ ಆಡುತ್ತಿಲ್ಲವಂತೆ. ಕ್ಲಾಸಿನವರೆಲ್ಲ ಸೇರಿ ಅವನಿಗೆಂದು ಶಾಲೆಯ ಗೋಡೆಯ ತುಂಬಾ ಚಿತ್ರ ಬರೆದರು. ಗೋಡೆಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಲಾದೀತೇ? ಮಿಸ್ ಫೋಟೊ ತೆಗೆದರು. “ಇದನ್ನ ಪ್ರಿಂಟ್ ಮಾಡಿ ಪುಸ್ತಕ ಮಾಡಬೇಕು, ಯಾರು...” ಅನ್ನುವಷ್ಟರಲ್ಲೇ ಗಡಿಬಿಡಿಯ ಕೈ ಮೇಲಿತ್ತು.

“ನಮ್ಮನೇಲಿ ಕಲರ್ ಪ್ರಿಂಟರ್ ಇದೆ ಮಿಸ್. ಸೋಮವಾರ ತಂದ್ಬಿಡ್ತೀನಿ.”

ನಾಳೆಯೇ ಸೋಮವಾರ. ಸೂರ್ಯನಿಲ್ಲದ ಪುಸ್ತಕ ನೋಡಿ ಕಪ್ಪೆಮರಿ ಇನ್ನಷ್ಟು ಮಂಕಾದರೆ?

ಪ್ರಿಂಟರ್ ಅಮ್ಮನದು. ಅಮ್ಮ ಟೈಲರ್. ಫ್ರಾಕು, ಪ್ಯಾಂಟುಗಳ ಪ್ಯಾಟರ್ನನ್ನು ಅದರಲ್ಲೇ ತೆಗೆಯುತ್ತಿದ್ದರು, ಬರೀ ಕಪ್ಪಿನಲ್ಲಿ.

“ಇದರ ಕತೆ ಮುಗೀತು,” ಅಂದರು ಅಪ್ಪ. ಅವರ ದನಿಯಲ್ಲಿ ದುಃಖ ಇರಲಿಲ್ಲ, ಹೊಸ ಸಾಮಾನು ಅಂದರೆ ಅವರಿಗೆ ಪ್ರಾಣ. “ಟ್ಯಾಂಕ್ ಇರೋದು ತಗೊಳ್ಳೋಣ. ಬಾಟಲಿ ಇಂಕ್ ತಂದು ಸುರಿದ್ರೆ ಆಯ್ತು, ವರ್ಷಗಟ್ಟಲೆ ತಲೆನೋವಿಲ್ಲ.”

“ನನ್ನ ಹೊಲಿಗೆ ಮೆಷಿನ್ ಎಷ್ಟು ಸಲ ಕೈ ಕೊಟ್ಟಿಲ್ಲ? ಪ್ರತಿ ಸಲ ಹೊಸದು ತಂದ್ನಾ?” ಅಮ್ಮ ಕತ್ತರಿ ಕೆಳಗಿಟ್ಟರು. “ರಿಪೇರಿ ಮಾಡಿಸಿ. ಅದರಲ್ಲಿ ಕಲರ್ ಇಂಕ್ ಇನ್ನೂ ಹಾಗೇ ಇದೆ. ಒಂದು ಹನಿ ಪೋಲು ಮಾಡಿಲ್ಲ, ಅಷ್ಟು ಜೋಪಾನ ಮಾಡಿದೀನಿ.”

ಆ ಮಾತು ಮುಗಿಯುವ ಹೊತ್ತಿಗೆ ಅಪ್ಪ, ಮಗಳು ಇಬ್ಬರೂ ಬೀದಿಯಲ್ಲಿದ್ದರು.

ಅಂಗಡಿಯಲ್ಲಿ ಹೊಸ ಪ್ರಿಂಟರ್ ಮಿರಮಿರ ಮಿಂಚುತ್ತಿತ್ತು. ಮುಂದುಗಡೆ ಸಣ್ಣ ಕಿಟಕಿಗಳಂತೆ ಟ್ಯಾಂಕುಗಳು. ಒಳಗಿನ ಬಣ್ಣ ಹೊರಗೇ ಕಾಣುತ್ತಿತ್ತು. ಗಡಿಬಿಡಿಗೆ ಹಳದಿ ಟ್ಯಾಂಕನ್ನು ನೋಡಿಯೇ ಜೀವ ಬಂತು.

“ಒಳ್ಳೆ ಮೆಷಿನ್ ಸರ್,” ಅಂದರು ಅಂಗಡಿಯ ಆಂಟಿ. “ಒಂದೇ ಮಾತು. ವಾರಕ್ಕೊಂದಾದ್ರೂ ಕಲರ್ ಪ್ರಿಂಟ್ ತೆಗೀತಾ ಇರಿ. ಸುಮ್ನೆ ಇಟ್ರೆ ಇಂಕ್ ಒಣಗಿ ಕಟ್ಕೊಳ್ಳುತ್ತೆ.”

ಅಪ್ಪ ತಲೆಯಾಡಿಸುತ್ತಾ ಜೇಬಿಗೆ ಕೈ ಹಾಕಿದರು. ಗಡಿಬಿಡಿ ಮಾತ್ರ ನಿಂತಲ್ಲೇ ನಿಂತಳು. ಅಪರೂಪದ ಸಂಗತಿ.

“ಆಂಟಿ, ಹಳೇ ಥರದ ಪ್ರಿಂಟರಲ್ಲೂ ಹೀಗೇನಾ?”

“ಇಂಕ್ ಹಾಕೋ ಎಲ್ಲದ್ರಲ್ಲೂ ಹೀಗೇ ಪುಟ್ಟಿ.”

“ಅಪ್ಪ, ಹಾಗಿದ್ರೆ ನಮ್ದು ಕೆಟ್ಟಿಲ್ಲ. ಅಮ್ಮ ಜೋಪಾನ ಮಾಡಿದ್ರಲ್ಲ, ಅದಕ್ಕೇ ಹಳದಿ ಒಣಗಿದೆ. ಇದನ್ನ ತಗೊಂಡ್ರೂ ಅಮ್ಮ ಜೋಪಾನಾನೇ ಮಾಡ್ತಾರೆ.”

ಆಂಟಿ ನಕ್ಕುಬಿಟ್ಟರು. “ಹಾಗಾದ್ರೆ ಮನೇಲೇ ಒಂದು ಸಲ ನೋಡಿ. ಟಿಶ್ಯೂನ ಬಿಸಿನೀರಲ್ಲಿ ಒದ್ದೆ ಮಾಡಿ, ಇಂಕ್ ತುಂಬಿರೋ ಕಾರ್ಟ್ರಿಜ್‌ನ ಬಾಯಿ ಕೆಳಗೆ ಮಾಡಿ ಅದರ ಮೇಲೆ ಇಡಿ. ಸರಿಹೋಗ್ಲಿಲ್ಲ ಅಂದ್ರೆ ಬನ್ನಿ, ನಾನೂ ಓಡಿಹೋಗಲ್ಲ, ಇದೂ ಓಡಿಹೋಗಲ್ಲ.”

ದಾರಿಯುದ್ದಕ್ಕೂ ಅಪ್ಪನ ಮುಖ ಊದಿಕೊಂಡೇ ಇತ್ತು.

ಮನೆಯಲ್ಲಿ ಒದ್ದೆ ಟಿಶ್ಯೂ ಮೇಲೆ ನೀಲಿ ಇಳಿಯಿತು, ಗುಲಾಬಿ ಇಳಿಯಿತು. ಹಳದಿಯ ಸುಳಿವಿಲ್ಲ.

“ಪಿನ್ನಲ್ಲಿ ಚುಚ್ಚಲಾ?” ಅಂದಳು ಗಡಿಬಿಡಿ.

“ಚುಚ್ಚಿದ್ರೆ ನೋಡು. ಸೂಜಿ ಹಿಡಿಯೋಳು ನಾನು, ನಾನೇ ಹೇಳ್ತಿದೀನಿ, ಇಲ್ಲಿ ಸೂಜಿ ಬೇಡ.” ಅಮ್ಮ ಟಿಶ್ಯೂ ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಬಣ್ಣ ಹರಡಿದಷ್ಟೂ ಅವರ ಮುಖ ಸಪ್ಪಗಾಯಿತು. “ಎಷ್ಟೊಂದು ಇಂಕ್ ದಂಡ ಆಗ್ತಿದೆಯಲ್ಲೇ.”

“ಇಷ್ಟು ದಿನ ಒಳಗಿದ್ದು ಏನು ಮಾಡ್ತಮ್ಮ?”

ಅಮ್ಮನಿಗೆ ನಗು ಬಂತು. “ಹೌದು ಕಣೆ. ಜೋಪಾನ ಮಾಡಿ ಮಾಡಿ ನಾನೇ ಕೊಂದೆ ಅದನ್ನ.”

“ಸತ್ತಿಲ್ಲ, ನೋಡಿಲ್ಲಿ.”

ಟಿಶ್ಯೂ ಅಂಚಿನಲ್ಲಿ ನಿಂಬೆಸಿಪ್ಪೆಯ ಬಣ್ಣದ ಒಂದು ಗೆರೆ ಮೂಡಿತ್ತು. ನೋಡನೋಡುತ್ತಲೇ ಅದು ದಪ್ಪಗಾಯಿತು.

ಮೊದಲ ಹಾಳೆಯಲ್ಲಿ ಹಳದಿ ತುಂಡು ತುಂಡಾಗಿ ಬಂತು. ಎರಡನೆಯದರಲ್ಲಿ ಗಿಳಿ ಹಸಿರಾಯಿತು, ಬಸ್ಸು ಕೆಂಪಾಯಿತು, ಸೂರ್ಯ ದುಂಡಗೆ ಬಂದು ಕೂತ.

“ನಾನು ಅವತ್ತೇ ಹೇಳಿದ್ನಲ್ಲ, ಇದು ಗಟ್ಟಿ ಪ್ರಿಂಟರ್ ಅಂತ,” ಅಂದರು ಅಪ್ಪ. ಅಮ್ಮ, ಮಗಳು ಮುಖ ಮುಖ ನೋಡಿಕೊಂಡರು.

ಸಂಜೆಯ ಹೊತ್ತಿಗೆ ಅಮ್ಮ ಹಾಳೆಗಳನ್ನೆಲ್ಲ ಜೋಡಿಸಿ ಮೆಷಿನ್ನಿನಲ್ಲಿ ಹೊಲಿದು ಕೊಟ್ಟರು. ಇನ್ನು ಪುಸ್ತಕದ ಮೇಲ್ಹಾಳೆಯಲ್ಲಿ ಹೆಸರು ಬರೆಯುವುದೊಂದು ಬಾಕಿ.

ಗಡಿಬಿಡಿ ಕುರ್ಚಿ ಹತ್ತಿ ಬೀರುವಿನ ಮೇಲಿಂದ ಒಂದು ಡಬ್ಬಿ ಇಳಿಸಿದಳು. ಹುಟ್ಟುಹಬ್ಬಕ್ಕೆ ಮಾವ ಕೊಟ್ಟ ಮಿನುಗುವ ಪೆನ್ನುಗಳು. ಯಾರೂ ಮುಟ್ಟದಿರಲೆಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಅಷ್ಟು ಎತ್ತರದಲ್ಲಿ ಇಟ್ಟವಳು ಅವಳೇ. ಈಗ ಪ್ಲಾಸ್ಟಿಕ್ ಹರಿದು ಬಂಗಾರದ ಬಣ್ಣದ ಪೆನ್ನನ್ನು ಹಾಳೆಯ ಮೇಲೆ ಉಜ್ಜಿದಳು. ಬರೆಯಲಿಲ್ಲ. ಊದಿದಳು, ಕೊಡವಿದಳು. ಊಹೂಂ.

ಹಸಿರು ಬರೆಯಿತು. ‘ನಮ್ಮ ಕಪ್ಪೆಮರಿಗೆ’ ಎಂದು ದೊಡ್ಡದಾಗಿ ಬರೆದಳು.

ಆಮೇಲೆ ಕುರ್ಚಿ ಹತ್ತಲಿಲ್ಲ. ಡಬ್ಬಿಯನ್ನು ಪುಸ್ತಕದ ಜೊತೆಗೇ ಸ್ಕೂಲ್ ಬ್ಯಾಗಿಗೆ ಹಾಕಿದಳು. ನಾಳೆ ಕ್ಲಾಸಿನವರೆಲ್ಲ ಪುಸ್ತಕದ ಮೇಲೆ ಸೈನ್ ಮಾಡಬೇಕಲ್ಲ, ಎಲ್ಲ ಬಣ್ಣವೂ ಬೇಕಾಗುತ್ತದೆ.