ಪಿಪ್ಪಿನ್ ಸಮಾಧಿಯ ಹೂಗಳು

ನಾಯಿ ಸತ್ತದ್ದಕ್ಕೆ ತನಗೆ ದುಃಖವೇ ಆಗಲಿಲ್ಲವಲ್ಲ, ಇದು ಪಾಪವೇ ಇರಬೇಕು ಎಂದು ಡೋರ್ಕಾಸ್ ಪಿಮ್ ದಿನಚರಿಯಲ್ಲೂ ಬರೆಯಲಾರದೆ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದಳು. ಆದರೂ ಹನ್ನೊಂದು ತಿಂಗಳಿಂದ ಪ್ರತಿ ಗುರುವಾರ ಅದರ ಸಮಾಧಿಗೆ ಹೂ ತಂದಿಡುತ್ತಿದ್ದಳು.

ನಾಯಿ ಅವಳದ್ದಲ್ಲ; ಅವಳು ಜೊತೆಗಾತಿಯಾಗಿ ಕೆಲಸಕ್ಕಿದ್ದ ಮನೆಯ ಮುದಿ ಯಜಮಾನಿಯದು. ಪಿಪ್ಪಿನ್ ಸತ್ತ ದಿನ ಯಜಮಾನಿ ಹಾಸಿಗೆ ಹಿಡಿದಳು. ದೊಡ್ಡ ಮನೆಯವರ ರೂಢಿಯೇ ಹಾಗೆ, ಮಣ್ಣು ಮಾಡುವುದನ್ನು ಕಣ್ಣಾರೆ ನೋಡಲಾರರು. ಹೊಲಿದ ಕ್ಯಾನ್ವಾಸ್ ಚೀಲವನ್ನು ಎದೆಗವಚಿಕೊಂಡು ಪಾರ್ಕಿನ ಗೇಟಿಗೆ ಬಂದವಳು ಡೋರ್ಕಾಸ್. ಅದನ್ನು ಮಗುವಿನಂತೆ ಎತ್ತಿಕೊಂಡವನು ಗೇಟಿನ ಕಾವಲುಗಾರ ಇನೋಕ್ ಟ್ಯಾರಂಟ್.

ಗೇಟಿನ ಮನೆಯ ಹಿತ್ತಿಲಲ್ಲಿ, ಪೊದೆಗಳ ಮರೆಯಲ್ಲಿ, ನಾಯಿಗಳ ಸಮಾಧಿಯ ಮೊಣಕಾಲೆತ್ತರದ ಕಲ್ಲುಗಳು. ಇನೋಕನ ಅಪ್ಪ ಕಾವಲಿದ್ದಾಗ, ಪರಿಚಯದ ಮಕ್ಕಳು ಅತ್ತರೆಂದು ಒಂದು ನಾಯಿಗೆ ಜಾಗ ಕೊಟ್ಟಿದ್ದನಂತೆ. ಒಂದು ಹೋಗಿ ಮುನ್ನೂರಾಯಿತು. ಲಂಡನ್ನಿನ ಅರ್ಧ ಜನಕ್ಕೆ ಹೀಗೊಂದು ಜಾಗವಿದೆಯೆಂದೇ ಗೊತ್ತಿಲ್ಲ.

ಈ ಗುರುವಾರ ಮಂಜು ಕವಿದಿತ್ತು. ಗೇಟಿನಾಚೆ ಕುದುರೆಗಾಡಿಗಳ ಸದ್ದೂ ಒದ್ದೆಯಾಗಿತ್ತು. ಇನೋಕ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

"ಮತ್ತೆ ವಯೊಲೆಟ್ಟಾ? ಗುಲಾಬಿ ತಂದ್ರೆ ಪಿಪ್ಪಿನ್ ಕೋಪ ಮಾಡ್ಕೋತಾನಾ?" ಎಂದ. ಅವನ ಕಣ್ಣು ಮಾತ್ರ ನಗಲಿಲ್ಲ. "ಜಾಗ ತುಂಬಿತು, ಮಿಸ್ ಪಿಮ್. ಇನ್ನು ಇಲ್ಲಿ ಹೂಳೋದಿಲ್ಲವಂತೆ. ಸೋಮವಾರದಿಂದ ನನ್ನನ್ನ ನದಿಯಾಚೆ ಪಾರ್ಕಿಗೆ ಹಾಕಿದಾರೆ."

ಹೂ ಇಡಲು ಬಗ್ಗಿದವಳು ಹಾಗೇ ಎದ್ದು ನಿಂತಳು.

"ಪಿಪ್ಪಿನ್ ಬಗ್ಗೆ ಚಿಂತೆ ಬೇಡ," ಅವನು ಅವಸರದಿಂದ ಹೇಳಿದ. "ಹೊಸಬನಿಗೆ ಹೇಳಿದೀನಿ, ಗುರುವಾರ ಗುರುವಾರ ಅವನೇ ಹೂ ಇಡ್ತಾನೆ. ನೀವು ಈ ಚಳೀಲಿ ಬರಬೇಕಾಗಿಲ್ಲ. ನೀವು ಇಷ್ಟು ಪ್ರೀತಿಸಿದ ನಾಯೀನ ಯಾರೂ ಮರೀಬಾರದು."

ಅವಳು ಕಲ್ಲು ನೋಡಿದಳು. 'ಯಾರನ್ನೂ ನೋಯಿಸದ ಸಾಧು ಜೀವ' ಎಂದು ಕೆತ್ತಿತ್ತು. ಅವಳ ಕೈಗವಸಿನೊಳಗೆ, ಮಣಿಕಟ್ಟಿನ ಮೇಲೆ, ಆ ಸಾಧುವಿನ ನಾಲ್ಕು ಹಲ್ಲಿನ ಗುರುತು.

'ತುಂಬಾ ಉಪಕಾರವಾಯ್ತು' ಎಂದು ಹೇಳಿ ಹೊರಟುಬಿಡಬಹುದಿತ್ತು. ಜೀವನವಿಡೀ ಅವಳು ಮಾಡಿದ್ದು ಅದನ್ನೇ. ಈ ಸಲ ಬಾಯಿಗೆ ಬಂದ ಆ ಮಾತನ್ನು ನುಂಗಿ, ಗವಸು ಕಳಚಿ, ಕೈಯನ್ನು ಅವನ ಮುಂದೆ ಹಿಡಿದಳು.

ಅವನು ಬಗ್ಗಿ ನೋಡಿದ. "ಇದು ಪಿಪ್ಪಿನ್ ಕೆಲಸಾನಾ? ಕಲ್ಲಿನ ಮೇಲೆ ಬೇರೇನೋ ಬರೆದಿದೆಯಲ್ಲ."

"ಕಲ್ಲು ಸುಳ್ಳು ಹೇಳ್ತಿದೆ. ನಾನೂ ಹೇಳ್ತಿದ್ದೆ." ಅವಳು ಕೈ ಹಿಂತೆಗೆಯಲಿಲ್ಲ. "ಆ ನಾಯಿ ಕಂಡ್ರೆ ನನಗೆ ಆಗ್ತಾನೇ ಇರ್ಲಿಲ್ಲ, ಮಿಸ್ಟರ್ ಟ್ಯಾರಂಟ್. ನಾನು ಬರ್ತಿದ್ದದ್ದು ನಿಮ್ಮನ್ನ ನೋಡೋಕೆ."