ಬೆನ್ನಿನೊಳಗಿನ ದಾರ

"ಈ ಪುಸ್ತಕಕ್ಕೆ ಮುದ್ರೆ ಒತ್ತೋದು ಚಿಕ್ಕವಳು," ಎಂದು ಮಾವ ಬೆಳಗಿನ ತಿಂಡಿಯ ಮೇಜಿನಲ್ಲಿ, ಉಪ್ಪು ಈ ಕಡೆ ತಳ್ಳಿ ಎನ್ನುವಷ್ಟು ಸಲೀಸಾಗಿ ಹೇಳಿಬಿಟ್ಟರು. ದೊಡ್ಡ ಸೊಸೆಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕಿರಿಯ ಸೊಸೆ ಕೆಂಪಾಗಿ ತಲೆ ತಗ್ಗಿಸಿದಳು. ಅತ್ತೆ ಮಾತ್ರ ಇಂಥ ಗಳಿಗೆಗೇ ಕಾದು ಕುಳಿತವರಂತೆ, "ಯೋಗ್ಯತೆ ಇದ್ದವರಿಗೆ ತಾನಾಗೇ ಬರುತ್ತೆ. ಕೆಲವರು ಹದಿನೆಂಟು ವರ್ಷ ಕೂತಿದ್ರೂ ಕೂತಲ್ಲೇ ಇರ್ತಾರೆ," ಎಂದು ಗೋಡೆಗೆ ಹೇಳಿದರು. ಹದಿನೆಂಟು ವರ್ಷ ಕೂತವರು ಆ ಮನೆಯಲ್ಲಿ ಒಬ್ಬರೇ ಇದ್ದರು.

ಮೇಲೆ ಮನೆ, ಕೆಳಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆ. ಕಾರ್ಖಾನೆ ಎಂದ ಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಎರಡು ಉದ್ದನೆಯ ಮೇಜು, ಒಂದು ಹೊಲಿಗೆಯ ಚೌಕಟ್ಟು, ಕತ್ತರಿಸುವ ಯಂತ್ರ, ಮೂಲೆಯಲ್ಲಿ ಚಕ್ರ ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು, ಎಲ್ಲೆಲ್ಲೂ ಅಂಟಿನ ವಾಸನೆ. ಮಾವನ ಜೇಬಿನಲ್ಲಿ ಸದಾ ಇರುತ್ತಿದ್ದ ಹೆಬ್ಬೆರಳ ಗಾತ್ರದ ಹಿತ್ತಾಳೆಯ ಮುದ್ರೆ ಅವರ ತಂದೆಯ ಕಾಲದ್ದು. ಮುಗಿದ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಅದನ್ನು ಒತ್ತಿದವರೇ ಆ ಕಾರ್ಖಾನೆಯ ಮುಖ್ಯ ಕೈ ಎಂದು ಲೆಕ್ಕ. ಇಷ್ಟು ವರ್ಷ ಅದು ಮಾವನ ಕೈ ಬಿಟ್ಟು ಕದಲಿರಲಿಲ್ಲ. ಕದಲಿದರೆ ತನ್ನ ಕಡೆಗೇ ಎಂದು ದೊಡ್ಡ ಸೊಸೆ ಯಾರಿಗೂ ಹೇಳದೆ ನಂಬಿಕೊಂಡಿದ್ದಳು.

ಅವಳ ಕೆಲಸ ಹೊಲಿಗೆ. ಹಾಳೆಗಳ ಮಡಿಕೆ ಮಡಿಕೆಗೂ ಸೂಜಿ ಹಾಯಿಸಿ ಪುಸ್ತಕದ ಬೆನ್ನಿಗೆ ಬಿಗಿದು, ಕೊನೆಗೆ ತನ್ನದೇ ರೀತಿಯ ಗಂಟು ಹಾಕುವುದು. ಕಿರಿಯವಳು ಮೈದುನನ ಕೈ ಹಿಡಿದು ಬಂದದ್ದು ಐದು ವರ್ಷದ ಹಿಂದೆ. ಅವಳದು ಹೊದಿಕೆಯ ಕೆಲಸ. ಬಂದವರು ಹೊದಿಕೆಯ ಬಟ್ಟೆ ಸವರಿ, ಅಂಚು ನೋಡಿ, "ಆಹಾ, ಎಂಥ ಕೈಗುಣ" ಎನ್ನುತ್ತಿದ್ದರು. ಬೆನ್ನಿನೊಳಗೆ ಹೋದ ದಾರವನ್ನು ಯಾರು ತಾನೇ ಇಣುಕಿ ನೋಡುತ್ತಾರೆ? ಸಾಲದ್ದಕ್ಕೆ ಅತ್ತೆ. ಒಬ್ಬಳನ್ನು ಏರಿಸಿ ಇನ್ನೊಬ್ಬಳನ್ನು ಇಳಿಸದೆ ಅವರಿಗೆ ದಿನ ಹೋಗುತ್ತಿರಲಿಲ್ಲ. ಗಂಡುಮಕ್ಕಳೇ ತಾಯಿಗೆ ಹಿಂದಿನಿಂದ 'ತಕ್ಕಡಿ' ಎಂದು ಹೆಸರಿಟ್ಟಿದ್ದರು.

ಈಗ ಕೈಗೆ ಬಂದಿದ್ದ ಪುಸ್ತಕ ಸಾಮಾನ್ಯದ್ದಲ್ಲ. ಹೆರಿಗೆ ಆಸ್ಪತ್ರೆಯ ಮೊಟ್ಟಮೊದಲ ಜನನ ದಾಖಲೆ. ಆಸ್ಪತ್ರೆಯ ಹೊಸ ಕಟ್ಟಡದ ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ತೊಂಬತ್ತನಾಲ್ಕು ಮಡಿಕೆಗಳನ್ನು ದೊಡ್ಡ ಸೊಸೆ ಹೊಲಿದು ಮುಗಿಸಿದ್ದಳು. ಹಿಂದಿನ ಸಂಜೆ ಕಿರಿಯವಳು ರಟ್ಟು ಕತ್ತರಿಸಿ, ಬಟ್ಟೆ ಹೊದಿಸಿಟ್ಟಿದ್ದಳು. ಇಂದು ಹೊದಿಕೆಯನ್ನು ಪುಸ್ತಕಕ್ಕೆ ಅಂಟಿಸಿ ಪ್ರೆಸ್ಸಿಗೆ ಹಾಕುವುದೊಂದೇ ಬಾಕಿ.

ತಿಂಡಿಯ ತಟ್ಟೆ ಹಾಗೇ ಬಿಟ್ಟು ದೊಡ್ಡ ಸೊಸೆ ಕೆಳಗಿಳಿದಳು. ಕಣ್ಣೀರು ಕಾಣದಿರಲೆಂದು ಪೊರಕೆ ಹಿಡಿದು ಬಗ್ಗಿದಳು. ಮೇಜಿನ ಕೆಳಗೆ ನಿನ್ನೆ ಕತ್ತರಿಸಿದ ರಟ್ಟಿನ ಪಟ್ಟಿ ಬಿದ್ದಿತ್ತು. ಅಭ್ಯಾಸಬಲದಿಂದ ಅದನ್ನೆತ್ತಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಗಿಸಿದಳು. ಪಟ್ಟಿ ಬಾಗಬಾರದ ಕಡೆಗೇ ಸಲೀಸಾಗಿ ಬಾಗಿತು. ರಟ್ಟಿಗೂ ಮರದಂತೆ ಎಳೆ ಇರುತ್ತದೆ. ಎಳೆ ಪುಸ್ತಕದ ಬೆನ್ನಿನ ಉದ್ದಕ್ಕೇ ಹೋಗಬೇಕು. ಅಡ್ಡಕ್ಕೆ ಹೋದರೆ ಅಂಟು ಆರಿದ ಮೇಲೆ ರಟ್ಟು ಸೊಟ್ಟಗಾಗಿ ಮೇಲಕ್ಕೇಳುತ್ತದೆ. ಈ ಸಲ ಬಂದ ಹೊಸ ರಟ್ಟಿನಲ್ಲಿ ಎಳೆ ಅಡ್ಡಕ್ಕಿತ್ತು. ಕಿರಿಯವಳು ಬಾಗಿಸಿ ನೋಡದೆ ಎಂದಿನಂತೆ ಕತ್ತರಿಸಿಬಿಟ್ಟಿದ್ದಳು.

"ನಿಲ್ಲು, ಅಂಟಿಸಬೇಡ" ಎಂಬ ಎರಡು ಮಾತು ಸಾಕಿತ್ತು. ಮೆಟ್ಟಿಲ ಮೇಲೆ ಕಿರಿಯವಳ ಹೆಜ್ಜೆ ಸದ್ದು ಕೇಳಿಸಿತು. ದೊಡ್ಡ ಸೊಸೆ ಆ ಪಟ್ಟಿಯನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿ, ತುಟಿಪಿಟಕ್ಕೆನ್ನದೆ ಹೊಲಿಗೆಯ ಚೌಕಟ್ಟಿನ ಮುಂದೆ ಕುಳಿತಳು.

ಹತ್ತು ಗಂಟೆಗೆ ಅಂಟಿಸಿದರು. ಚಕ್ರ ತಿರುಗಿಸಿ ಪ್ರೆಸ್ಸು ಬಿಗಿದರು. ಸಂಜೆಯೊಳಗೆ ಅಂಟು ಹಿಡಿದುಬಿಡುತ್ತದೆ. ಆಮೇಲೆ ಕಿತ್ತರೆ ಹಳೆಯ ಹಾಳೆಗಳೂ ಹರಿದು ಬರುತ್ತವೆ. ಇದೆಲ್ಲ ದೊಡ್ಡ ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಏನೋ ಹಗುರ. ಎಷ್ಟೋ ತಿಂಗಳ ಮೇಲೆ ಯಾವುದೋ ರಾಗ ಗುನುಗಿದಳು. ಕತ್ತರಿಸುವ ಯಂತ್ರದ ಮುಂದಿದ್ದ ಗಂಡ ತಲೆಯೆತ್ತಿ, "ಏನಿವತ್ತು, ಮುಖ ಅರಳಿದೆ? ಬೆಳಿಗ್ಗೆ ಊದ್ಕೊಂಡಿತ್ತಲ್ಲ," ಎಂದು ಕೀಟಲೆ ಮಾಡಿದ. ಅವಳು ನಕ್ಕಳು. ನಗು ತನ್ನದಲ್ಲವೆಂದು ಅವಳಿಗೇ ಅನ್ನಿಸಿತು, ಆದರೂ ನಿಲ್ಲಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಕಿರಿಯವಳು ಮೆಲ್ಲಗೆ ಕೇಳಿದಳು. "ಅಕ್ಕಾ, ಹೊಲಿಯೋಕೆ ನಿಮಗೆ ಎಷ್ಟು ದಿನ ಹಿಡೀತು?"

"ಹನ್ನೊಂದು ದಿನ."

ಹೇಳಿದ್ದಷ್ಟೇ, ಕೈ ತಟ್ಟೆಯಲ್ಲೇ ನಿಂತುಹೋಯಿತು. ಹನ್ನೊಂದು ದಿನ... ತೊಂಬತ್ತನಾಲ್ಕು ಮಡಿಕೆ... ಸೊಟ್ಟಗಾದ ರಟ್ಟು ಸುಮ್ಮನಿರುತ್ತದೆಯೇ? ಮೊದಲು ಅಂಚನ್ನು ಜಗ್ಗುತ್ತದೆ, ಆಮೇಲೆ ಬೆನ್ನನ್ನು, ಕೊನೆಗೆ ದಾರವನ್ನು. ಅವಳದೇ ದಾರವನ್ನು! ಬೆಳಗಿನಿಂದ ಅದು ಅವಳಿಗೆ ಹೊಳೆದೇ ಇರಲಿಲ್ಲ. ಕಿರಿಯವಳ ಮುಖ ಬಾಡುವುದನ್ನು ನೋಡುವ ಆಸೆಯಲ್ಲಿ ತನ್ನ ಹನ್ನೊಂದು ದಿನವನ್ನೇ ಮರೆತಿದ್ದಳು. ಯಾರೂ ನೋಡದಿದ್ದರೂ ತಾನಾದರೂ ನೋಡುತ್ತೇನೆ ಎಂದು ಹದಿನೆಂಟು ವರ್ಷ ಕಾಪಾಡಿಕೊಂಡು ಬಂದ ಹೊಲಿಗೆಯನ್ನು ಇವತ್ತು ತಾನೇ ಕಡೆಗಣಿಸಿದ್ದಳು. ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಕೆಳಗೆ ಓಡಿದಳು. ಚಕ್ರಕ್ಕೆ ಕೈ ಹಾಕಿ ಬಲವೆಲ್ಲ ಹಾಕಿ ಹಿಂದಕ್ಕೆ ತಿರುಗಿಸಿದಳು. ಸದ್ದಿಗೆ ಮನೆಯವರೆಲ್ಲ ಧಾವಿಸಿ ಬಂದರು.

"ಅಯ್ಯೋ, ಪ್ರೆಸ್ಸು ಬಿಚ್ತಾ ಇದಾಳೆ! ಹೊಟ್ಟೆಕಿಚ್ಚಿಗೆ ಪುಸ್ತಕನೇ ಹಾಳು ಮಾಡ್ತಾ ಇದಾಳೆ!" ಎಂದು ಅತ್ತೆ ಎದೆ ಬಡಿದುಕೊಂಡರು.

"ಎಳೆ ಅಡ್ಡಕ್ಕಿದೆ ಮಾವ. ರಟ್ಟು ಸೊಟ್ಟಗಾಗುತ್ತೆ. ಅಂಟು ಇನ್ನೂ ಹಸಿ ಇದೆ, ಈಗಲೇ ಬಿಡಿಸಬೇಕು."

ಮಾವ ಬಾಗಿ, ಹೊದಿಕೆಯ ಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಮೂಲೆ ಆಗಲೇ ಸ್ವಲ್ಪ ಮೇಲೆದ್ದಿತ್ತು. "ಹೌದು... ಒಳ್ಳೇದಾಯ್ತಮ್ಮ ನೀನು ನೋಡಿದ್ದು. ಮಾನ ಉಳಿಸಿದೆ."

ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಅತ್ತೆಯ ಬಾಯಿ ಕಟ್ಟಿತ್ತು, ಕಿರಿಯವಳು ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಮುಗಿಯುವುದರಲ್ಲಿದ್ದಳು. ಹದಿನೆಂಟು ವರ್ಷ ಕಾದ ಮೆಚ್ಚುಗೆ ಬಾಗಿಲಿಗೇ ಬಂದು ನಿಂತಿತ್ತು. ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ದೊಡ್ಡ ಸೊಸೆ ತಲೆಯೆತ್ತಿದಳು.

"ಈಗ ನೋಡಿದ್ದಲ್ಲ ಮಾವ. ಬೆಳಿಗ್ಗೆನೇ ನೋಡಿದ್ದೆ. ಅಂಟಿಸೋಕೆ ಮುಂಚೆನೇ. ಅತ್ತೆ ಹೇಳಿದ್ದು ಸರಿ, ಹೊಟ್ಟೆಕಿಚ್ಚೇ. ಇವಳು ಹಾಳು ಮಾಡಿಕೊಳ್ಳಲಿ ಅಂತ ಬೇಕಂತಲೇ ಸುಮ್ಮನಿದ್ದೆ."

ಅತ್ತೆ ಎದೆಯ ಮೇಲಿದ್ದ ಕೈ ಇಳಿಸಿದರು. ಅವರು ಎಸೆದ ಕಲ್ಲನ್ನು ಎದುರಿನವಳು ಕೈಯಲ್ಲಿ ಹಿಡಿದುಕೊಂಡು ನನ್ನದೇ ಎಂದದ್ದು ಅವರ ಜೀವಮಾನದಲ್ಲಿ ಮೊದಲು.

"ನೋಡಿಯೂ ಸುಮ್ಮನಿದ್ರಾ ಅಕ್ಕಾ?" ಕಿರಿಯವಳು ಕೇಳಿದಳು. "ನಾನು ಅಂಟಿಸ್ತಾ ಇರೋವಾಗ ಪಕ್ಕದಲ್ಲೇ ಕೂತಿದ್ರಲ್ಲ... ನಾನು ನಿಮ್ಮನ್ನ..." ಬಿಕ್ಕಿದಳು.

"ಕೂತಿದ್ದೆ. ಹಾಡೂ ಹೇಳಿಕೊಂಡಿದ್ದೆ," ಎಂದಳು ದೊಡ್ಡ ಸೊಸೆ. ಅವಳ ಕೆನ್ನೆಯ ಮೇಲೂ ನೀರಿಳಿಯುತ್ತಿತ್ತು. "ನನ್ನನ್ನ ಬಯ್ಯೋದು ಬೇಕಾದಷ್ಟಿದೆ, ಬಯ್ಯಿ. ಆದ್ರೆ ಆ ಕಡೆ ಅಂಚು ಹಿಡ್ಕೊಂಡು ಬಯ್ಯಿ. ಅಂಟು ಆರ್ತಾ ಇದೆ."

ಕಿರಿಯವಳು ಮೂಗು ಒರೆಸಿಕೊಂಡು ಬಂದು ಅಂಚು ಹಿಡಿದಳು. ಒದ್ದೆ ಬಟ್ಟೆ ಒತ್ತುತ್ತಾ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಾಳೆ ಬಿಡಿಸಿದರು. ಒಂದು ಹಾಳೆಯೂ ಹರಿಯಲಿಲ್ಲ. ಮತ್ತೊಂದು ರಟ್ಟನ್ನು ದೊಡ್ಡ ಸೊಸೆ ಬಾಗಿಸಿ ತೋರಿಸಿದಳು, ಕಿರಿಯವಳು ತಾನೇ ಬಾಗಿಸಿ ನೋಡಿ ಕತ್ತರಿಸಿದಳು. ಬೆಳಕಿರುವಾಗಲೇ ಹೊಸ ಹೊದಿಕೆಯೊಂದಿಗೆ ಪುಸ್ತಕ ಮತ್ತೆ ಪ್ರೆಸ್ಸು ಸೇರಿತು. ಅಷ್ಟು ಹೊತ್ತಿನಲ್ಲಿ ಅವರಿಬ್ಬರ ನಡುವೆ ಕತ್ತರಿ ಕೊಡು, ಬಟ್ಟೆ ಕೊಡು ಎಂಬುದರ ಹೊರತು ಬೇರೆ ಮಾತಿರಲಿಲ್ಲ.

ಮೂರನೆಯ ದಿನ ಆಸ್ಪತ್ರೆಯ ಅಧಿಕಾರಿಣಿ ಬಂದರು. ಪುಸ್ತಕ ಮೇಜಿನ ಮೇಲೆ ಹಲಗೆಯಂತೆ ಸಮನಾಗಿ ಮಲಗಿತ್ತು. ಮಾವ ಜೇಬಿನಿಂದ ಮುದ್ರೆ ತೆಗೆದು, ಸ್ವಲ್ಪ ಹೊತ್ತು ಅಂಗೈಯಲ್ಲಿ ಉರುಳಿಸಿ, ದೊಡ್ಡ ಸೊಸೆಯ ಕಡೆ ಚಾಚಿದರು. "ತಪ್ಪು ಒಪ್ಪಿಕೊಳ್ಳೋ ಕೈಗೇ ಇದು ಸಲ್ಲಬೇಕು."

ಅವಳು ಕಿರಿಯವಳ ಮುಖ ನೋಡಿದಳು. ಅಲ್ಲಿ ಸಣ್ಣಗೆ ಏನೋ ಕುಸಿಯಿತು. ಅದು ಏನೆಂದು ಆ ಕೋಣೆಯಲ್ಲಿ ದೊಡ್ಡ ಸೊಸೆಯಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇರಲಿಲ್ಲ.

"ಬೇಡ ಮಾವ. ನೀವು ಮಾತು ಕೊಟ್ಟಿದ್ದು ಅವಳಿಗೆ, ಪುಸ್ತಕ ಮುಗಿಸಿದ್ದೂ ಅವಳು. ನಾನೇನೋ ತ್ಯಾಗ ಮಾಡ್ತಾ ಇದೀನಿ ಅಂದ್ಕೋಬೇಡಿ. ನನಗೆ ಈಗಲೂ ಉರೀತಾ ಇದೆ. ಉರೀಲಿ. ಅದು ಹೇಳಿದ ಹಾಗೆ ನಾನು ಕೇಳಲ್ಲ, ಅಷ್ಟೇ."

ಕಿರಿಯವಳು ಮುದ್ರೆ ತೆಗೆದುಕೊಂಡಳು. ಹಿಂದಿನ ರಟ್ಟಿನ ಒಳಗೆ ಒತ್ತಿದಳು. ಅಧಿಕಾರಿಣಿ ಎಲ್ಲರಂತೆ ಹೊದಿಕೆ ಸವರಿ, "ಎಂಥ ಕೈಗುಣಮ್ಮ ನಿಮ್ಮದು," ಎಂದರು. ಆಗ ಕಿರಿಯವಳು ಪುಸ್ತಕವನ್ನು ಸರಿಯಾಗಿ ನಡುವೆ ತೆರೆದು, ಮಡಿಕೆಯ ಸಂದಿಯಲ್ಲಿ ಕಾಣುತ್ತಿದ್ದ ಬಿಳಿಯ ದಾರದ ಮೇಲೆ ಬೆರಳಿಟ್ಟಳು.

"ಹೊದಿಕೆ ನಾಳೆ ಹಳೇದಾದ್ರೆ ಬೇರೆ ಹಾಕಬಹುದು. ಇದನ್ನ ನೋಡಿ. ಇದು ಇವರು ಹೊಲಿದಿದ್ದು. ಇವರ ಮೇಲೆ ನನಗೆ ಇನ್ನೂ ಕೋಪ ಇದೆ, ಆ ವಿಷಯ ಬೇರೆ."

ಅಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡು ಬಾಗಿದರು. ಅವರ ಹಿಂದಿನಿಂದ ಅತ್ತೆಯೂ ಕುತ್ತಿಗೆ ಚಾಚಿದರು. ತಕ್ಕಡಿ ಆ ದಿನ ಏನನ್ನೂ ತೂಗಲಿಲ್ಲ. ದೊಡ್ಡ ಸೊಸೆ ಬಾಗಿಲ ಚೌಕಟ್ಟು ಹಿಡಿದು ಅಳುತ್ತಾ ನಿಂತಿದ್ದಳು, ಈ ಸಲ ಪೊರಕೆಯ ಮರೆ ಬೇಕಾಗಲಿಲ್ಲ.

ಕೋಪ ಇಳಿಯಲು ವಾರಗಳೇ ಹಿಡಿದವು. ಒಂದು ಬೆಳಿಗ್ಗೆ ಕಿರಿಯವಳು ತಾನಾಗಿ ಸೂಜಿ ದಾರ ಹಿಡಿದುಕೊಂಡು ಬಂದು ಚೌಕಟ್ಟಿನ ಪಕ್ಕ ಕುಳಿತು, "ಕಲಿಸಿ," ಎಂದಳು. ಅಂದಿನಿಂದ ಅದೊಂದು ರೂಢಿಯಾಯಿತು. ಈಗಲೂ ಕೆಲಸ ಶುರುವಾಗುವ ಮುಂಚೆ ಅವಳು ಕೇಳುತ್ತಾಳೆ.

"ಅಕ್ಕಾ, ಇವತ್ತು ಎಷ್ಟಿದೆ ಉರಿ?"

"ಚಿಟಿಕೆಯಷ್ಟಿದೆ. ನಿಂದು?"

"ನಿಮ್ಮ ಆ ಗಂಟು ನೋಡಿದಾಗೆಲ್ಲ ಒಂದು ಹಿಡಿ."

ಇಬ್ಬರೂ ನಗುತ್ತಾರೆ. ಆಮೇಲೆ ದೊಡ್ಡ ಸೊಸೆ ಸೂಜಿಯನ್ನು ಅವಳ ಕೈಗೆ ಕೊಟ್ಟು, ಆ ಗಂಟನ್ನು ಮೊದಲಿನಿಂದ, ಒಂದು ಸುತ್ತನ್ನೂ ಮುಚ್ಚಿಡದೆ, ಹಾಕಿ ತೋರಿಸುತ್ತಾಳೆ.